ಕರ್ನಾಟಕದಲ್ಲಿ ಭಾರತ್ ಸಂಚಾರ್ ನಿಗಮದ ಹೂಡಿಕೆ ಮತ್ತು ಸಾಮಾಜಿಕ ಸಹಭಾಗಿತ್ವ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪಡಿತರ, ವೃದ್ಧಾಪ್ಯ ವೇತನ, ಪಹಣಿ, ವಿದ್ಯಾರ್ಥಿವೇತನ, ಬೆಳೆ ವಿಮೆ ಮೊದಲಾದ ಸೇವೆಗಳನ್ನು ಕೋರುವ ನಾಗರಿಕರು ಇಂದು ಯಾವುದಾದರೊಂದು ಹಂತದಲ್ಲಿ ದೂರಸಂಪರ್ಕ ಜಾಲವನ್ನು ಅವಲಂಬಿಸಲೇಬೇಕಾಗಿರುತ್ತದೆ. ಅರ್ಜಿದಾರರ ಮೊಬೈಲಿಗೆ ಬರುವ ಒ.ಟಿ.ಪಿ., ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತುವ ಯಂತ್ರ, ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರ, ತುರ್ತು ಸಂದರ್ಭದಲ್ಲಿ ಮಾಡುವ 108 ಮತ್ತು 112ರ ಕರೆ ಇವೆಲ್ಲವೂ ಜಾಲವಿದ್ದಲ್ಲಿ ಮಾತ್ರ ನಡೆಯುತ್ತವೆ. ಜಾಲವಿಲ್ಲದ ಗ್ರಾಮದಲ್ಲಿ ಅರ್ಹ ಫಲಾನುಭವಿಯೂ ಸೇವೆಯಿಂದ ದೂರ ಉಳಿಯುವ ಸಂಭವವಿರುತ್ತದೆ.

ರಾಜ್ಯದಲ್ಲಿ ಹಲವು ದೂರಸಂಪರ್ಕ ಕಂಪನಿಗಳು ಸೇವೆ ಸಲ್ಲಿಸುತ್ತಿದ್ದು, ಅವುಗಳ ಪೈಕಿ ಭಾರತ್ ಸಂಚಾರ್ ನಿಗಮ್ ಲಿಮಿಟೆಡ್ (ಬಿ.ಎಸ್.ಎನ್.ಎಲ್.) ಸಾರ್ವಜನಿಕ ವಲಯದ ಸಂಸ್ಥೆಯಾಗಿರುತ್ತದೆ. ಲಾಭ ಕಡಿಮೆಯಿರುವ ಗ್ರಾಮೀಣ ಹಾಗೂ ಅರಣ್ಯ ಪ್ರದೇಶಗಳಲ್ಲಿ ಸಂಪರ್ಕ ಕಲ್ಪಿಸುವ ಹೊಣೆಯು ಬಹುತೇಕ ಈ ಸಂಸ್ಥೆಯ ಮೇಲಿದೆ. ಈ ಸಂಸ್ಥೆಯ ಹೂಡಿಕೆ ಎಲ್ಲಿಂದ ಬರುತ್ತದೆ, ಅದು ಕರ್ನಾಟಕದಲ್ಲಿ ಯಾವ ರೂಪದಲ್ಲಿ ವಿನಿಯೋಗವಾಗುತ್ತದೆ, ಸ್ಥಳೀಯ ಸಮುದಾಯಕ್ಕೂ ಸಂಸ್ಥೆಗೂ ಇರುವ ಸಂಬಂಧವೇನು ಮತ್ತು ನಾಗರಿಕರು ಯಾವ ಸೌಲಭ್ಯವನ್ನು ಯಾವ ರೀತಿಯಲ್ಲಿ ಕೋರಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಸಂಸ್ಥೆಯ ಹಿನ್ನೆಲೆ

ಸ್ವಾತಂತ್ರ್ಯಾನಂತರ ದೂರವಾಣಿ ಸೇವೆಯು ದೀರ್ಘಕಾಲ ಕೇಂದ್ರ ಸರ್ಕಾರದ ಇಲಾಖೆಯ ಮೂಲಕವೇ ನಡೆಯುತ್ತಿತ್ತು. 1999ರ ಹೊಸ ದೂರಸಂಪರ್ಕ ನೀತಿಯನ್ವಯ ಸೇವೆ ಒದಗಿಸುವ ಕಾರ್ಯವನ್ನು ಇಲಾಖೆಯಿಂದ ಬೇರ್ಪಡಿಸಿ, 2000ದ ಸೆಪ್ಟೆಂಬರ್ 15ರಂದು ಬಿ.ಎಸ್.ಎನ್.ಎಲ್. ಸಂಸ್ಥೆಯನ್ನು ನೋಂದಾಯಿಸಲಾಯಿತು. ಸಂಸ್ಥೆಯು ಅದೇ ವರ್ಷದ ಅಕ್ಟೋಬರ್ 1ರಿಂದ ಕಾರ್ಯಾರಂಭ ಮಾಡಿತು. ಇದರ ಸಂಪೂರ್ಣ ಷೇರು ಬಂಡವಾಳವು ಭಾರತ ಸರ್ಕಾರದ್ದಾಗಿರುತ್ತದೆ. ಕರ್ನಾಟಕವು ಒಂದು ಪ್ರತ್ಯೇಕ ದೂರಸಂಪರ್ಕ ವೃತ್ತವಾಗಿದ್ದು, ವೃತ್ತದ ಮುಖ್ಯ ಕಚೇರಿಯು ಬೆಂಗಳೂರಿನಲ್ಲಿರುತ್ತದೆ.

ದೂರಸಂಪರ್ಕದ ಇತಿಹಾಸದಲ್ಲಿ ಕರ್ನಾಟಕಕ್ಕೆ ಇದಕ್ಕೂ ಹಿಂದಿನ ಸ್ಥಾನವಿದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐ.ಟಿ.ಐ.) ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಉಳಿದಿದೆ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಶೋಧನಾ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು 1986ರಲ್ಲಿ ಮೊದಲ ಬಾರಿಗೆ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಅಳವಡಿಸಲಾಯಿತು. ಹವಾನಿಯಂತ್ರಣವಿಲ್ಲದೆ, ಬಿಸಿಲು ಧೂಳುಗಳನ್ನು ತಾಳಿಕೊಂಡು ಕೆಲಸ ಮಾಡುವ ಈ ಯಂತ್ರವು ದೇಶದ ಸಾವಿರಾರು ಗ್ರಾಮಗಳಿಗೆ ದೂರವಾಣಿ ತಲುಪಲು ಕಾರಣವಾಯಿತು.

ಬಿ.ಎಸ್.ಎನ್.ಎಲ್. 2002ರ ಅಕ್ಟೋಬರ್‌ನಲ್ಲಿ ಮೊಬೈಲ್ ಸೇವೆಯನ್ನೂ, 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯನ್ನೂ ಆರಂಭಿಸಿತು. ಇಲಾಖೆಯಿಂದ ಬಳುವಳಿಯಾಗಿ ಬಂದಿದ್ದ ತಂತಿ ಸೇವೆಯನ್ನು 2013ರ ಜುಲೈನಲ್ಲಿ ಮುಕ್ತಾಯಗೊಳಿಸಲಾಯಿತು.

3. ಹೂಡಿಕೆಯ ಮೂಲಗಳು

ಸಂಸ್ಥೆಯ ಹೂಡಿಕೆಯ ಬಗ್ಗೆ ಪ್ರಕಟವಾಗುವ ಮೊತ್ತಗಳನ್ನು ಓದುವಾಗ ಅವು ಯಾವ ಮೂಲದಿಂದ ಬಂದವು ಎಂಬುದನ್ನು ಗಮನಿಸುವುದು ಅವಶ್ಯಕ. ಮುಖ್ಯವಾಗಿ ಮೂರು ಮೂಲಗಳಿವೆ.

(ಅ) ಸಂಸ್ಥೆಯ ಸ್ವಂತ ವರಮಾನ: ಗ್ರಾಹಕರು ಪಾವತಿಸುವ ಶುಲ್ಕ ಮತ್ತು ಸಂಸ್ಥೆಯ ಗೋಪುರ, ಕೇಬಲ್, ಕಟ್ಟಡಗಳ ಬಾಡಿಗೆ. 2009-10ನೇ ಸಾಲಿನಿಂದ ಸಂಸ್ಥೆಯು ಸತತವಾಗಿ ವಾರ್ಷಿಕ ನಷ್ಟ ಅನುಭವಿಸುತ್ತ ಬಂದಿದ್ದರಿಂದ ಈ ಮೂಲವು ಕ್ಷೀಣಿಸಿತ್ತು. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದಲ್ಲಿ 262 ಕೋಟಿ ರೂ. ಹಾಗೂ ಅದರ ಮುಂದಿನ ತ್ರೈಮಾಸಿಕದಲ್ಲಿ 280 ಕೋಟಿ ರೂ. ಲಾಭ ದಾಖಲಾಯಿತು. ಆದರೂ 2024-25ರ ಪೂರ್ಣ ವರ್ಷದ ಲೆಕ್ಕದಲ್ಲಿ ನಷ್ಟವೇ ಉಳಿಯಿತು.

(ಆ) ಕೇಂದ್ರ ಸರ್ಕಾರದ ನೆರವು: 2019ರ ಅಕ್ಟೋಬರ್‌ನಲ್ಲಿ ಬಿ.ಎಸ್.ಎನ್.ಎಲ್. ಮತ್ತು ಎಂ.ಟಿ.ಎನ್.ಎಲ್. ಎರಡಕ್ಕೂ ಸೇರಿ ಸುಮಾರು 69,000 ಕೋಟಿ ರೂ.ಗಳ ಪುನಶ್ಚೇತನ ಯೋಜನೆಗೆ, 2022ರ ಜುಲೈನಲ್ಲಿ 1.64 ಲಕ್ಷ ಕೋಟಿ ರೂ.ಗಳ ಯೋಜನೆಗೆ ಹಾಗೂ 2023ರ ಜೂನ್‌ನಲ್ಲಿ 89,047 ಕೋಟಿ ರೂ.ಗಳ ಯೋಜನೆಗೆ ಸಚಿವ ಸಂಪುಟವು ಅನುಮೋದನೆ ನೀಡಿತು. ಈ ಮೊತ್ತಗಳೆಲ್ಲವೂ ಹೊಸ ಗೋಪುರಗಳಿಗೆ ವೆಚ್ಚವಾಗುವ ನಗದು ಎಂದು ಭಾವಿಸತಕ್ಕದ್ದಲ್ಲ. 2022ರ ಯೋಜನೆಯಲ್ಲಿ ನಗದು ರೂಪದ ನೆರವು 43,964 ಕೋಟಿ ರೂ. ಮಾತ್ರವಾಗಿದ್ದು, ಉಳಿದ ಸುಮಾರು 1.20 ಲಕ್ಷ ಕೋಟಿ ರೂ. ಸ್ಪೆಕ್ಟ್ರಂ ಮೌಲ್ಯ, ಬಾಕಿಗಳ ಹೊಂದಾಣಿಕೆ ಮೊದಲಾದ ನಗದೇತರ ರೂಪದಲ್ಲಿತ್ತು. 2023ರ ಯೋಜನೆಯು 4ಜಿ ಮತ್ತು 5ಜಿ ಸ್ಪೆಕ್ಟ್ರಂ ಹಂಚಿಕೆಗೆ ಸಂಬಂಧಿಸಿದ್ದಾಗಿದ್ದು, ಅದರ ಮೌಲ್ಯವನ್ನು ಸರ್ಕಾರದ ಷೇರು ಬಂಡವಾಳವಾಗಿ ಪರಿವರ್ತಿಸಲಾಯಿತು. ಮೇಲ್ಕಂಡ ಮೊತ್ತಗಳು ಇಡೀ ದೇಶಕ್ಕೆ ಸಂಬಂಧಿಸಿದವುಗಳಾಗಿದ್ದು, ಕರ್ನಾಟಕ ವೃತ್ತದ ಕಾಮಗಾರಿಗಳು ಇವುಗಳ ಒಂದು ಭಾಗವಾಗಿರುತ್ತವೆ.

(ಇ) ಡಿಜಿಟಲ್ ಭಾರತ್ ನಿಧಿ: 2002ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸಾರ್ವತ್ರಿಕ ಸೇವಾ ಹೊಣೆಗಾರಿಕೆ ನಿಧಿಯು 2023ರ ದೂರಸಂಪರ್ಕ ಕಾಯ್ದೆಯಡಿ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು ಪಡೆದಿದ್ದು, ಅದರ ನಿಯಮಗಳನ್ನು 2024ರ ಆಗಸ್ಟ್‌ನಲ್ಲಿ ಹೊರಡಿಸಲಾಗಿದೆ. ಎಲ್ಲ ದೂರಸಂಪರ್ಕ ಕಂಪನಿಗಳೂ ತಮ್ಮ ಹೊಂದಾಣಿಕೆಗೊಂಡ ಒಟ್ಟು ವರಮಾನದ ಶೇ. 5ರಷ್ಟನ್ನು ಈ ನಿಧಿಗಾಗಿ ಪಾವತಿಸಬೇಕಾಗುತ್ತದೆ. ಅಂದರೆ ಬೆಂಗಳೂರಿನಲ್ಲಿ ಯಾವುದೇ ಕಂಪನಿಯ ಗ್ರಾಹಕರು ಮಾಡಿಸುವ ರೀಚಾರ್ಜಿನ ಒಂದು ಅಂಶವು ಜೊಯಿಡಾ ಅಥವಾ ಸಾಗರ ತಾಲ್ಲೂಕಿನ ಹಳ್ಳಿಯೊಂದರ ಗೋಪುರಕ್ಕೆ ಸಲ್ಲಬಹುದಾಗಿದೆ. ಆದುದರಿಂದ ಗ್ರಾಮೀಣ ಸಂಪರ್ಕವು ಯಾವ ಕಂಪನಿಯ ಔದಾರ್ಯವೂ ಅಲ್ಲ. ಎಲ್ಲ ಗ್ರಾಹಕರ ವಂತಿಗೆಯಿಂದ ನಡೆಯುವ ಸಾರ್ವಜನಿಕ ಕಾರ್ಯ.

4. ಪ್ರಮುಖ ಯೋಜನೆಗಳು

4.1 ಗ್ರಾಮ ಸಾರ್ವಜನಿಕ ದೂರವಾಣಿ: ದೂರವಾಣಿಯೇ ಇಲ್ಲದ ದೇಶದ 66,822 ಗ್ರಾಮಗಳಿಗೆ ಸಾರ್ವಜನಿಕ ದೂರವಾಣಿ ಒದಗಿಸುವ ಒಪ್ಪಂದಕ್ಕೆ ಬಿ.ಎಸ್.ಎನ್.ಎಲ್. 2004ರ ನವೆಂಬರ್‌ನಲ್ಲಿ ಸಹಿ ಮಾಡಿತು. 2007ರಿಂದ ಹಲವು ಕಂಪನಿಗಳು ಹಂಚಿಕೊಂಡು ಬಳಸುವಂತಹ ಮೊಬೈಲ್ ಗೋಪುರಗಳ ಯೋಜನೆಯೂ, 2009ರ ಜನವರಿಯಿಂದ ಗ್ರಾಮೀಣ ತಂತಿ ಬ್ರಾಡ್‌ಬ್ಯಾಂಡ್ ಯೋಜನೆಯೂ ಇದೇ ನಿಧಿಯ ನೆರವಿನಿಂದ ನಡೆದವು.

4.2 ಭಾರತ್‌ನೆಟ್: ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಒದಗಿಸುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರ್ 25ರಂದು ಅನುಮೋದನೆ ದೊರೆಯಿತು. 2015ರಲ್ಲಿ ಇದಕ್ಕೆ ಭಾರತ್‌ನೆಟ್ ಎಂದು ಹೆಸರಿಸಲಾಯಿತು. ದೇಶದ 1 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಒಳಗೊಂಡ ಮೊದಲ ಹಂತವು 2017ರ ಡಿಸೆಂಬರ್‌ನಲ್ಲಿ ಪೂರ್ಣಗೊಂಡಿತು. ಕರ್ನಾಟಕದಲ್ಲಿ ಮೊದಲ ಹಂತದ ಕೇಬಲ್ ಕಾಮಗಾರಿಯನ್ನು ಬಿ.ಎಸ್.ಎನ್.ಎಲ್. ನಿರ್ವಹಿಸಿತು.

ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಗಳಿಗೆ ಕೇಬಲನ್ನು ಮರದ ಕೊಂಬೆಗಳಂತೆ ಒಂದೇ ದಿಕ್ಕಿನಲ್ಲಿ ಎಳೆಯಲಾಗಿತ್ತು. ರಸ್ತೆ ಅಗಲೀಕರಣ ಅಥವಾ ಕುಡಿಯುವ ನೀರಿನ ಕೊಳವೆ ಕಾಮಗಾರಿಯ ವೇಳೆ ಒಂದು ಕಡೆ ಕೇಬಲ್ ತುಂಡಾದರೆ ಅದರ ಮುಂದಿನ ಎಲ್ಲ ಪಂಚಾಯಿತಿಗಳ ಸಂಪರ್ಕವೂ ಕಡಿದುಹೋಗುತ್ತಿತ್ತು. ಪಂಚಾಯಿತಿ ಕಚೇರಿಯಲ್ಲಿ ಉಪಕರಣವಿದ್ದೂ ಸೇವೆ ದೊರೆಯದಿರುವುದಕ್ಕೆ ಇದು ಒಂದು ಪ್ರಮುಖ ಕಾರಣ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂ. ಅಂದಾಜಿನಲ್ಲಿ ಅನುಮೋದನೆಯಾದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮದಲ್ಲಿ ಕೇಬಲನ್ನು ವರ್ತುಲಾಕಾರದಲ್ಲಿ ಹಾಕುವ ವಿಧಾನವನ್ನು ಅಳವಡಿಸಲಾಗಿದೆ. ಈ ವಿಧಾನದಲ್ಲಿ ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಸಂಪರ್ಕ ಮುಂದುವರಿಯುತ್ತದೆ. ಕಾರ್ಯಕ್ರಮದ ಅನುಷ್ಠಾನದ ಹೊಣೆಯನ್ನು ಬಿ.ಎಸ್.ಎನ್.ಎಲ್.ಗೆ ವಹಿಸಲಾಗಿದ್ದು, ದೇಶದಾದ್ಯಂತ 1.5 ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ಸಂಪರ್ಕ ನೀಡುವ ಗುರಿಯನ್ನು ನಿಗದಿಪಡಿಸಲಾಗಿದೆ.

4.3 4ಜಿ ಸಂಪೂರ್ಣ ವ್ಯಾಪ್ತಿ ಯೋಜನೆ: 2022ರ ಜುಲೈ 27ರಂದು ಅನುಮೋದನೆಯಾದ ಈ ಯೋಜನೆಯ ಅಂದಾಜು ಮೊತ್ತ 26,316 ಕೋಟಿ ರೂ. ಸಂಪರ್ಕವಿಲ್ಲದ ದೇಶದ 24,680 ಗ್ರಾಮಗಳಿಗೆ 4ಜಿ ಸೇವೆ ಕಲ್ಪಿಸುವುದು ಹಾಗೂ 2ಜಿ, 3ಜಿ ಮಾತ್ರ ಇರುವ 6,279 ಗ್ರಾಮಗಳನ್ನು 4ಜಿಗೆ ಮೇಲ್ದರ್ಜೆಗೇರಿಸುವುದು ಇದರ ಉದ್ದೇಶ. ಪುನರ್ವಸತಿ, ಹೊಸ ಜನವಸತಿ ಅಥವಾ ಇದ್ದ ಕಂಪನಿ ಸೇವೆ ಹಿಂತೆಗೆದುಕೊಂಡ ಕಾರಣಗಳಿಂದ ಶೇ. 20ರಷ್ಟು ಹೆಚ್ಚುವರಿ ಗ್ರಾಮಗಳನ್ನು ಸೇರಿಸಲು ಅವಕಾಶ ಕಲ್ಪಿಸಲಾಗಿತ್ತು. ಯೋಜನಾ ಮೊತ್ತದಲ್ಲಿ ನಿರ್ಮಾಣ ವೆಚ್ಚದ ಜೊತೆಗೆ 5 ವರ್ಷಗಳ ನಿರ್ವಹಣಾ ವೆಚ್ಚವೂ ಸೇರಿರುತ್ತದೆ.

ಖಾಸಗಿ ಕಂಪನಿಯೊಂದು ಬೆಂಗಳೂರಿನಲ್ಲಿ 4ಜಿ ಸೇವೆಯನ್ನು 2012ರಲ್ಲಿಯೇ ಆರಂಭಿಸಿತ್ತು. ಬಿ.ಎಸ್.ಎನ್.ಎಲ್.ನ ಸ್ವದೇಶಿ ತಂತ್ರಜ್ಞಾನದ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅಂದು ಉದ್ಘಾಟನೆಗೊಂಡ 4ಜಿ ಗೋಪುರಗಳ ಸಂಖ್ಯೆ 97,500ಕ್ಕೂ ಅಧಿಕ. ವೆಚ್ಚ ಸುಮಾರು 37,000 ಕೋಟಿ ರೂ. ನಡುವಿನ ಹದಿಮೂರು ವರ್ಷಗಳ ವಿಳಂಬದ ಅವಧಿಯಲ್ಲಿ ಸಂಸ್ಥೆಯ ಬಹಳಷ್ಟು ಗ್ರಾಹಕರು ಅನ್ಯ ಕಂಪನಿಗಳಿಗೆ ವರ್ಗಾವಣೆಗೊಂಡರು. ಆದರೆ ಬಿ.ಎಸ್.ಎನ್.ಎಲ್. ಗೋಪುರವೊಂದೇ ಇರುವ ಗ್ರಾಮಗಳ ನಿವಾಸಿಗಳಿಗೆ ಆ ಆಯ್ಕೆಯೂ ಇರಲಿಲ್ಲ.

5. ರಾಜ್ಯದ ಕೈಗಾರಿಕೆಗೆ ದೊರೆತ ಪಾಲು

ಸ್ವದೇಶಿ 4ಜಿ ಜಾಲದ ನಿರ್ಮಾಣದಲ್ಲಿ ಸಿ-ಡಾಟ್ ಜಾಲದ ತಿರುಳು ಭಾಗವನ್ನೂ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ತೇಜಸ್ ನೆಟ್‌ವರ್ಕ್ಸ್ ಕಂಪನಿಯು ಗೋಪುರಗಳ ರೇಡಿಯೊ ಉಪಕರಣಗಳನ್ನೂ ಒದಗಿಸಿದ್ದು, ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಇವುಗಳನ್ನು ಜೋಡಿಸುವ ಕಾರ್ಯವನ್ನು ನಿರ್ವಹಿಸಿದೆ. ತೇಜಸ್ ಕಂಪನಿಗೆ 2023ರ ಆಗಸ್ಟ್‌ನಲ್ಲಿ ದೊರೆತ ಪೂರೈಕೆ ಆದೇಶದ ಮೊತ್ತ 7,492 ಕೋಟಿ ರೂ. ಐ.ಟಿ.ಐ. ಸಂಸ್ಥೆಗೂ ಈ ಯೋಜನೆಯಲ್ಲಿ ಒಂದು ಪಾಲನ್ನು ನೀಡಲಾಗಿದೆ. ಹೀಗೆ ಹಳ್ಳಿಯ ಗೋಪುರಕ್ಕೆ ವ್ಯಯವಾದ ಹಣದ ಒಂದು ಭಾಗವು ರಾಜ್ಯದ ತಾಂತ್ರಿಕ ಉದ್ಯೋಗಗಳಿಗೆ ಆಧಾರವಾಗಿದೆ.

6. ಸಾಮಾಜಿಕ ಸಹಭಾಗಿತ್ವ

ಕಂಪನಿಗಳ ಕಾಯ್ದೆ, 2013ರ ಪ್ರಕರಣ 135ರ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆ ಕಾರ್ಯಗಳಿಗೆ ವಿನಿಯೋಗಿಸಬೇಕು. ಲಾಭವನ್ನು ಆಧರಿಸಿದ ಈ ಲೆಕ್ಕಾಚಾರದಲ್ಲಿ ನಷ್ಟದಲ್ಲಿರುವ ಸಂಸ್ಥೆಯಿಂದ ಬರತಕ್ಕ ಮೊತ್ತ ಶೂನ್ಯವಾಗುತ್ತದೆ. ಆದುದರಿಂದ ಬಿ.ಎಸ್.ಎನ್.ಎಲ್.ನ ಸಾಮಾಜಿಕ ಪಾತ್ರವನ್ನು ಶಾಲಾ ಕೊಠಡಿ, ಆಂಬುಲೆನ್ಸ್ ಮೊದಲಾದ ಕೊಡುಗೆಗಳಿಗಿಂತ ಅದರ ಸೇವೆಯಲ್ಲಿಯೇ ಗುರುತಿಸಬೇಕಾಗುತ್ತದೆ. ಅದರ ಪ್ರಮುಖ ಅಂಶಗಳು ಈ ಕೆಳಕಂಡಂತಿವೆ.

(1) ಗೋಪುರಗಳ ಹಂಚಿಕೆ: ಡಿಜಿಟಲ್ ಭಾರತ್ ನಿಧಿಯ ನೆರವಿನಿಂದ ನಿರ್ಮಾಣವಾದ ಗೋಪುರಗಳ 4ಜಿ ಸೇವೆಯನ್ನು ಬಿ.ಎಸ್.ಎನ್.ಎಲ್., ಏರ್‌ಟೆಲ್ ಮತ್ತು ಜಿಯೊ ಗ್ರಾಹಕರು ಪರಸ್ಪರ ಬಳಸುವ ವ್ಯವಸ್ಥೆಗೆ 2025ರ ಜನವರಿ 17ರಂದು ಚಾಲನೆ ನೀಡಲಾಯಿತು. ದೇಶದಲ್ಲಿ ಇಂತಹ ಸುಮಾರು 27,000 ಗೋಪುರಗಳಿವೆ. ಗ್ರಾಮದಲ್ಲಿ ಒಂದೇ ಗೋಪುರವಿದ್ದರೂ ಮೂರೂ ಕಂಪನಿಗಳ ಗ್ರಾಹಕರಿಗೆ ಅನುಕೂಲವಾಗಬೇಕೆಂಬುದು ಇದರ ಉದ್ದೇಶ.

(2) ಸ್ಥಳೀಯ ಉದ್ಯಮಿಗಳು: ಗ್ರಾಮಗಳಲ್ಲಿ ಮನೆಗಳಿಗೆ ಫೈಬರ್ ಸಂಪರ್ಕ ನೀಡಿ ನಿರ್ವಹಿಸುವ ಕಾರ್ಯವನ್ನು ಭಾರತ್‌ನೆಟ್ ಉದ್ಯಮಿ ವ್ಯವಸ್ಥೆಯಡಿ ಸ್ಥಳೀಯ ಯುವಕ ಯುವತಿಯರಿಗೆ ವಹಿಸಿ, ವರಮಾನದಲ್ಲಿ ಪಾಲು ನೀಡಲಾಗುತ್ತದೆ.

(3) ತರಬೇತಿ: ಮೈಸೂರಿನಲ್ಲಿರುವ ಸಂಸ್ಥೆಯ ಪ್ರಾದೇಶಿಕ ದೂರಸಂಪರ್ಕ ತರಬೇತಿ ಕೇಂದ್ರದಲ್ಲಿ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ತರಬೇತಿ ನೀಡಲಾಗುತ್ತ ಬಂದಿದೆ.

(4) ಸಲಹಾ ಸಮಿತಿಗಳು: ದೂರವಾಣಿ ಸಲಹಾ ಸಮಿತಿಗಳಲ್ಲಿ ಲೋಕಸಭೆ ಮತ್ತು ರಾಜ್ಯಸಭೆ ಸದಸ್ಯರು ಹಾಗೂ ಸಾರ್ವಜನಿಕ ಪ್ರತಿನಿಧಿಗಳು ಭಾಗವಹಿಸುತ್ತಾರೆ. ನಾಗರಿಕರು ತಮ್ಮ ಪ್ರದೇಶದ ಸಮಸ್ಯೆಗಳನ್ನು ಇವರ ಮೂಲಕ ಸಮಿತಿಯ ಗಮನಕ್ಕೆ ತರಬಹುದಾಗಿದೆ.

(5) ವಿಪತ್ತು ಸಂದರ್ಭ: ಪ್ರವಾಹ, ಭೂಕುಸಿತಗಳ ಸಂದರ್ಭದಲ್ಲಿ ಮುನ್ನೆಚ್ಚರಿಕೆ ಸಂದೇಶಗಳನ್ನು ನಿರ್ದಿಷ್ಟ ಪ್ರದೇಶದ ಎಲ್ಲ ಮೊಬೈಲುಗಳಿಗೂ ಏಕಕಾಲದಲ್ಲಿ ಕಳುಹಿಸುವ ವ್ಯವಸ್ಥೆಯನ್ನು ಸಿ-ಡಾಟ್ ರೂಪಿಸಿದ್ದು, ಕರ್ನಾಟಕದಲ್ಲಿ ಇದರ ಪರೀಕ್ಷೆಯನ್ನು 2023ರ ಅಕ್ಟೋಬರ್ 12ರಂದು ನಡೆಸಲಾಯಿತು. ಜಾಲವಿಲ್ಲದ ಗ್ರಾಮಕ್ಕೆ ಈ ಎಚ್ಚರಿಕೆಯೂ ತಲುಪುವುದಿಲ್ಲ ಎಂಬುದು ಗಮನಾರ್ಹ.

7. ಮಲೆನಾಡು ಮತ್ತು ಅರಣ್ಯ ಪ್ರದೇಶಗಳ ಪರಿಸ್ಥಿತಿ

ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಮೊದಲಾದ ಜಿಲ್ಲೆಗಳಲ್ಲಿ ಸಂಪರ್ಕದ ಕೊರತೆ ಹೆಚ್ಚಾಗಿ ಕಂಡುಬಂದಿದೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಹಲವು ವಿದ್ಯಾರ್ಥಿಗಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತುಕೊಳ್ಳಬೇಕಾಯಿತು. ಶಿವಮೊಗ್ಗ ಜಿಲ್ಲೆಯ ಕೆಲವು ಗ್ರಾಮಸ್ಥರು ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವಿಲ್ಲ ಎಂಬ ಅಭಿಯಾನವನ್ನೂ ಕೈಗೊಂಡಿದ್ದರು. ಈ ಕೊರತೆಯ ಕಾರಣಗಳು ಇಂತಿವೆ.

(ಅ) ಭೂರಚನೆ: ಮೊಬೈಲ್ ತರಂಗಗಳನ್ನು ಗುಡ್ಡಗಳು ತಡೆಯುತ್ತವೆ. ಬಯಲುಸೀಮೆಯಲ್ಲಿ ಹಲವು ಹಳ್ಳಿಗಳಿಗೆ ಸಾಕಾಗುವ ಒಂದು ಗೋಪುರವು ಮಲೆನಾಡಿನಲ್ಲಿ ಒಂದು ಕಣಿವೆಗೆ ಮಾತ್ರ ಸೀಮಿತವಾಗಬಹುದು. ಮನೆಗಳು ಚದುರಿರುವುದರಿಂದ ಪ್ರತಿ ಗ್ರಾಹಕರಿಗೆ ತಗಲುವ ವೆಚ್ಚವೂ ಅಧಿಕ.

(ಆ) ವಿದ್ಯುತ್: ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ನಿಂತಾಗ ಗೋಪುರವು ಬ್ಯಾಟರಿ ಅಥವಾ ಡೀಸೆಲ್ ಜನರೇಟರನ್ನು ಅವಲಂಬಿಸುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಅಥವಾ ಡೀಸೆಲ್ ಪೂರೈಕೆಯಾಗದಿದ್ದರೆ ವಿದ್ಯುತ್ತಿನೊಡನೆ ಜಾಲವೂ ನಿಲ್ಲುತ್ತದೆ.

(ಇ) ಸಿಬ್ಬಂದಿ: 2020ರ ಜನವರಿ 31ರಂದು ದೇಶದಾದ್ಯಂತ ಬಿ.ಎಸ್.ಎನ್.ಎಲ್.ನ 78,569 ನೌಕರರು ಸ್ವಯಂ ನಿವೃತ್ತಿ ಪಡೆದರು. ವೇತನ ವೆಚ್ಚ ಇಳಿಯಿತಾದರೂ, ಕೇಬಲ್ ಮಾರ್ಗಗಳನ್ನು ಬಲ್ಲ ಅನುಭವಿ ಸಿಬ್ಬಂದಿಯ ಕೊರತೆಯುಂಟಾಗಿ ನಿರ್ವಹಣೆಯು ಹೆಚ್ಚಾಗಿ ಹೊರಗುತ್ತಿಗೆಗೆ ಒಳಪಟ್ಟಿತು.

(ಈ) ಅರಣ್ಯ ಅನುಮತಿ: ಅರಣ್ಯ ಭೂಮಿಯಲ್ಲಿ ಗೋಪುರ ಅಥವಾ ಕೇಬಲ್‌ಗೆ ಅರಣ್ಯ ಕಾನೂನಿನನ್ವಯ ಅನುಮತಿ ಅವಶ್ಯಕ. ಆದರೆ ಅರಣ್ಯ ಹಕ್ಕುಗಳ ಕಾಯ್ದೆ, 2006ರ ಪ್ರಕರಣ 3(2)ರಲ್ಲಿ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳನ್ನೂ ಹೆಸರಿಸಲಾಗಿದೆ. ಪ್ರತಿ ಪ್ರಕರಣದಲ್ಲಿ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ, ಹೆಕ್ಟೇರಿಗೆ 75ಕ್ಕೆ ಮೀರದ ಮರಗಳ ಕಡಿತ ಮತ್ತು ಗ್ರಾಮಸಭೆಯ ಶಿಫಾರಸು ಎಂಬ ಷರತ್ತುಗಳಿಗೆ ಒಳಪಟ್ಟು ಭೂಮಿ ನೀಡಲು ಇದರಲ್ಲಿ ಅವಕಾಶವಿದೆ. ಇಲ್ಲಿ ಗ್ರಾಮಸಭೆಯ ನಿರ್ಣಯವು ಕೇವಲ ಮನವಿಯಲ್ಲ, ಕಾನೂನಿನ ಒಂದು ಹಂತವಾಗಿರುತ್ತದೆ.

8. ಸಂಪರ್ಕವಿಲ್ಲದ ಗ್ರಾಮಗಳ ನಾಗರಿಕರ ಗಮನಕ್ಕೆ

(1) ಕಂಪನಿಗಳು ತಮ್ಮ ಸೇವಾ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ನಿಯಮಾವಳಿಯಲ್ಲಿ ವಿಧಿಸಿದೆ. ನಕ್ಷೆಯಲ್ಲಿ ತಮ್ಮ ಗ್ರಾಮಕ್ಕೆ ಸೇವೆ ಇದೆಯೆಂದು ತೋರಿಸಿದ್ದು ವಾಸ್ತವದಲ್ಲಿ ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಮನವಿಯಲ್ಲಿ ನಮೂದಿಸುವುದು.

(2) ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ ನಿರ್ಣಯ ಅಂಗೀಕರಿಸುವುದು. ನಿರ್ಣಯದಲ್ಲಿ ಗ್ರಾಮ ಮತ್ತು ಮಜರೆಗಳ ಹೆಸರು, ಮನೆಗಳ ಸಂಖ್ಯೆ, ಸಂಪರ್ಕ ದೊರೆಯುವ ಸಮೀಪದ ಸ್ಥಳದ ದೂರ, ಗ್ರಾಮದಲ್ಲಿರುವ ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಹಾಗೂ ಆರೋಗ್ಯ ಕೇಂದ್ರಗಳ ವಿವರ ನಮೂದಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

(3) ಗೋಪುರಕ್ಕೆ ಲಭ್ಯವಿರುವ ಸರ್ಕಾರಿ ಅಥವಾ ಪಂಚಾಯಿತಿ ಜಾಗದ ಸರ್ವೆ ಸಂಖ್ಯೆ, ರಸ್ತೆ ಮತ್ತು ವಿದ್ಯುತ್ ಮಾರ್ಗದಿಂದ ಅದಕ್ಕಿರುವ ದೂರವನ್ನು ತಿಳಿಸುವುದು. ಜಾಗದ ವಿವಾದದಿಂದ ಕಾಮಗಾರಿ ಸ್ಥಗಿತಗೊಳ್ಳುವುದನ್ನು ಇದರಿಂದ ತಪ್ಪಿಸಬಹುದು.

(4) ನಿರ್ಣಯದ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೂಲಕ ಜಿಲ್ಲಾಧಿಕಾರಿಗಳ ಕಚೇರಿಗೂ, ಬಿ.ಎಸ್.ಎನ್.ಎಲ್.ನ ಜಿಲ್ಲಾ ಮಟ್ಟದ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯುವುದು.

(5) ಬಿ.ಎಸ್.ಎನ್.ಎಲ್. ಸಾರ್ವಜನಿಕ ಪ್ರಾಧಿಕಾರವಾಗಿರುವುದರಿಂದ ಮಾಹಿತಿ ಹಕ್ಕು ಕಾಯ್ದೆ, 2005ರ ವ್ಯಾಪ್ತಿಗೆ ಒಳಪಡುತ್ತದೆ. ಗ್ರಾಮದ ಹೆಸರು ಯೋಜನೆಯ ಪಟ್ಟಿಯಲ್ಲಿದೆಯೇ, ಕಾಮಗಾರಿ ಯಾವ ಹಂತದಲ್ಲಿದೆ ಎಂಬ ಮಾಹಿತಿಯನ್ನು 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ.

(6) ರಸ್ತೆ, ಚರಂಡಿ, ಕೊಳವೆ ಕಾಮಗಾರಿ ನಿರ್ವಹಿಸುವ ಗುತ್ತಿಗೆದಾರರು ಭೂಮಿ ಅಗೆಯುವ ಮುನ್ನ ಕೇಬಲ್ ಇರುವಿಕೆಯನ್ನು ತಿಳಿಯಲು 2023ರ ಮಾರ್ಚ್‌ನಲ್ಲಿ ಆರಂಭವಾದ ಕಾಲ್ ಬಿಫೋರ್ ಯೂ ಡಿಗ್ ಆ್ಯಪ್ ಬಳಸತಕ್ಕದ್ದು. ಪಂಚಾಯಿತಿಗಳು ಈ ಬಗ್ಗೆ ನಿಗಾ ವಹಿಸಿದಲ್ಲಿ ತಮ್ಮದೇ ಕಚೇರಿಯ ಸಂಪರ್ಕವನ್ನು ಉಳಿಸಿಕೊಂಡಂತಾಗುತ್ತದೆ.

9. ಗೋಪುರಕ್ಕೆ ಜಾಗ ನೀಡಲಿಚ್ಛಿಸುವವರ ಗಮನಕ್ಕೆ

ಹೊಲ ಅಥವಾ ಮನೆಯ ತಾರಸಿಯ ಮೇಲೆ ಗೋಪುರ ನಿಲ್ಲಿಸಿ ತಿಂಗಳಿಗೆ ಭಾರಿ ಬಾಡಿಗೆ, ಮುಂಗಡ ಹಣ, ಮನೆಯವರಿಗೆ ಉದ್ಯೋಗ ಕೊಡಿಸುವುದಾಗಿ ನಂಬಿಸಿ, ನೋಂದಣಿ ಶುಲ್ಕ ಅಥವಾ ತೆರಿಗೆಯ ಹೆಸರಿನಲ್ಲಿ ಹಣ ಕೀಳುವ ವಂಚಕರ ಬಗ್ಗೆ ದೂರಸಂಪರ್ಕ ಇಲಾಖೆಯು ಹಲವು ಬಾರಿ ಎಚ್ಚರಿಕೆ ನೀಡಿದೆ. ಗೋಪುರಕ್ಕೆ ಜಾಗ ನೀಡುವವರಿಂದ ಇಲಾಖೆಯಾಗಲಿ, ಟ್ರಾಯ್ ಆಗಲಿ ಯಾವುದೇ ಶುಲ್ಕ ಅಥವಾ ತೆರಿಗೆ ಸಂಗ್ರಹಿಸುವುದಿಲ್ಲ. ನಿರಾಕ್ಷೇಪಣಾ ಪತ್ರವನ್ನೂ ನೀಡುವುದಿಲ್ಲ. ಬಾಡಿಗೆ ಕೊಡಬೇಕಾದ ಕಂಪನಿಯು ಜಾಗದ ಮಾಲೀಕರಿಂದ ಹಣ ಕೇಳುವ ಸಂದರ್ಭವೇ ಇರುವುದಿಲ್ಲ. ಯಾರಾದರೂ ಮುಂಗಡ ಹಣ ಕೇಳಿದಲ್ಲಿ ಪಾವತಿಸದೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡುವುದು.

ಗೋಪುರದ ವಿಕಿರಣದ ಬಗ್ಗೆ ಆತಂಕವಿರುವವರ ಮಾಹಿತಿಗಾಗಿ: ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಗರಿಷ್ಠ ಮಿತಿಯಾಗಿ ನಿಗದಿಪಡಿಸಲಾಗಿದೆ. ನಿರ್ದಿಷ್ಟ ಸ್ಥಳದಲ್ಲಿ ಅಳತೆ ಮಾಡಿಸಲು ತರಂಗ್ ಸಂಚಾರ್ ಜಾಲತಾಣದಲ್ಲಿ ಶುಲ್ಕ ಪಾವತಿಸಿ ಕೋರಿಕೆ ಸಲ್ಲಿಸಬಹುದು.

10. ಹೊಸ ಸಂಪರ್ಕ ಮತ್ತು ವರ್ಗಾವಣೆ

ಮೊಬೈಲ್ ಸಂಪರ್ಕ ಪಡೆಯಲು ಗುರುತು ಮತ್ತು ವಿಳಾಸದ ದಾಖಲೆಗಳೊಂದಿಗೆ ಅರ್ಜಿದಾರರು ಗ್ರಾಹಕ ಸೇವಾ ಕೇಂದ್ರದಲ್ಲಿ ಅಥವಾ ಅಧಿಕೃತ ಮಾರಾಟಗಾರರ ಬಳಿ ಖುದ್ದಾಗಿ ಹಾಜರಾಗುವುದು. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಯು ಎಲ್ಲ ಕಂಪನಿಗಳೂ ಸೇರಿ ಗರಿಷ್ಠ 9 ಸಂಪರ್ಕಗಳನ್ನು ಹೊಂದಬಹುದು. ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಬಹುದು. ಕಳೆದುಹೋದ ಮೊಬೈಲನ್ನು ಅಲ್ಲಿಯೇ ನಿರ್ಬಂಧಿಸಬಹುದು.

ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸಲು ಇಚ್ಛಿಸುವವರು 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿ ಸಂಕೇತ ಸಂಖ್ಯೆ ಪಡೆಯುವುದು. ಸದರಿ ಸಂಕೇತವು 4 ದಿನಗಳವರೆಗೆ ಚಾಲ್ತಿಯಲ್ಲಿರುತ್ತದೆ. ಬ್ಯಾಂಕ್, ಪಡಿತರ, ಪಿಂಚಣಿ ಖಾತೆಗಳಿಗೆ ಜೋಡಣೆಯಾದ ಸಂಖ್ಯೆಯನ್ನು ಕೈಬಿಡುವ ಮುನ್ನ ಆ ಕಚೇರಿಗಳಲ್ಲಿ ಹೊಸ ಸಂಖ್ಯೆ ದಾಖಲಿಸುವುದು ಅತ್ಯವಶ್ಯ. ಇಲ್ಲದಿದ್ದಲ್ಲಿ ಒ.ಟಿ.ಪಿ. ಹಳೆಯ ಸಂಖ್ಯೆಗೇ ಹೋಗುತ್ತದೆ.

11. ದೂರು ಮತ್ತು ಮೇಲ್ಮನವಿ

ಮೊದಲ ಹಂತ: ಕಂಪನಿಯ ದೂರು ಕೇಂದ್ರಕ್ಕೆ ದೂರು ನೀಡಿ ದೂರಿನ ನೋಂದಣಿ ಸಂಖ್ಯೆಯನ್ನು ಪಡೆಯುವುದು. ಈ ಸಂಖ್ಯೆಯಿಲ್ಲದೆ ಮುಂದಿನ ಹಂತದಲ್ಲಿ ದೂರನ್ನು ಸಾಬೀತುಪಡಿಸುವುದು ಕಷ್ಟಸಾಧ್ಯ.

ಎರಡನೇ ಹಂತ: ನಿಗದಿತ ಕಾಲಮಿತಿಯಲ್ಲಿ ಪರಿಹಾರ ದೊರೆಯದಿದ್ದಲ್ಲಿ ಅಥವಾ ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿರುವುದಿಲ್ಲ. 39 ದಿನಗಳೊಳಗೆ ತೀರ್ಮಾನ ನೀಡಬೇಕೆಂದು ಟ್ರಾಯ್‌ನ 2012ರ ನಿಯಮಾವಳಿಯಲ್ಲಿ ತಿಳಿಸಲಾಗಿದೆ.

ಮೂರನೇ ಹಂತ: ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗಕ್ಕೆ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಇದಲ್ಲದೆ, ದೂರಸಂಪರ್ಕ ಸೇವೆಯ ನ್ಯೂನತೆಗಾಗಿ ಗ್ರಾಹಕರ ಆಯೋಗದ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿ 16ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಟ್ರಾಯ್ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ ಎಂಬುದನ್ನು ಗಮನಿಸುವುದು.

ಜಾಲ ಸ್ಥಗಿತಗೊಂಡಾಗ ಪರಿಹಾರ: ಜಿಲ್ಲೆಯೊಂದರಲ್ಲಿ ಜಾಲವು 24 ಗಂಟೆಗಳಿಗಿಂತ ಹೆಚ್ಚು ಕಾಲ ಗಣನೀಯವಾಗಿ ಸ್ಥಗಿತಗೊಂಡಲ್ಲಿ, ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಾವಳಿಯ ಪ್ರಕಾರ ಆ ಜಿಲ್ಲೆಯ ಪೋಸ್ಟ್‌ಪೇಯ್ಡ್ ಗ್ರಾಹಕರ ಮುಂದಿನ ಬಿಲ್ಲಿನಲ್ಲಿ ಬಾಡಿಗೆ ಕಡಿತ ಮಾಡಬೇಕು, ಪ್ರೀಪೇಯ್ಡ್ ಗ್ರಾಹಕರಿಗೆ ರೀಚಾರ್ಜಿನ ಅವಧಿಯನ್ನು ವಿಸ್ತರಿಸಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಸಂಪರ್ಕ ಕಳೆದುಕೊಳ್ಳುವ ಪ್ರದೇಶಗಳ ಗ್ರಾಹಕರು ಜಾಲ ನಿಂತ ಹಾಗೂ ಮರಳಿ ಬಂದ ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಂಡಲ್ಲಿ ದೂರು ಸಲ್ಲಿಸಲು ಆಧಾರ ದೊರೆಯುತ್ತದೆ.

12. ಅರ್ಜಿದಾರರಿಗೆ ಸೂಚನೆ

ದೂರಸಂಪರ್ಕವು ಕೇಂದ್ರ ಸರ್ಕಾರದ ವಿಷಯವಾಗಿದ್ದು, ಗೋಪುರ ಮಂಜೂರಾತಿ ಮತ್ತು ಸೇವಾ ಶುಲ್ಕಗಳು ರಾಜ್ಯದ ಇಲಾಖೆಗಳ ಅಧಿಕಾರ ವ್ಯಾಪ್ತಿಯಲ್ಲಿ ಇರುವುದಿಲ್ಲ. ಜಾಗ, ಮಾರ್ಗದ ಹಕ್ಕು, ವಿದ್ಯುತ್ ಸಂಪರ್ಕ ಮತ್ತು ಸ್ಥಳೀಯ ಅನುಮತಿಗಳು ಮಾತ್ರ ರಾಜ್ಯ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿರುತ್ತವೆ. 2025ರ ಜನವರಿ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಮಾರ್ಗ ಹಕ್ಕು ನಿಯಮಗಳು, 2024ರನ್ವಯ ಇಂತಹ ಅನುಮತಿ ಕೋರಿಕೆಗಳನ್ನು ಆನ್‌ಲೈನ್ ಮೂಲಕ ಸ್ವೀಕರಿಸಿ ಕಾಲಮಿತಿಯೊಳಗೆ ವಿಲೇವಾರಿ ಮಾಡಬೇಕಾಗಿರುತ್ತದೆ. ಆದುದರಿಂದ ಕಾಮಗಾರಿ ಜಾಗ ಅಥವಾ ಅನುಮತಿಯ ಕಾರಣದಿಂದ ನಿಂತಿದೆಯೋ, ಉಪಕರಣ ಅಥವಾ ಮಂಜೂರಾತಿಯ ಕಾರಣದಿಂದ ನಿಂತಿದೆಯೋ ಎಂಬುದನ್ನು ಮೊದಲು ತಿಳಿದುಕೊಂಡು, ಮೊದಲನೆಯದಕ್ಕೆ ಪಂಚಾಯಿತಿ ಮತ್ತು ಜಿಲ್ಲಾಡಳಿತವನ್ನು, ಎರಡನೆಯದಕ್ಕೆ ಸಂಸ್ಥೆಯನ್ನು ಸಂಪರ್ಕಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.